ರಾಷ್ಟ್ರೀಯ ಷೇರು ವಿನಿಮಯಕೇಂದ್ರ: ಕೀರ್ತಿಯ ಪುನರ್ವಿಚಾರ

ನಮ್ಮ ರಾಷ್ಟ್ರೀಯ ಷೇರು ವಿನಿಮಯಕೇಂದ್ರವನ್ನು ಕುರಿತು ಬರೆದವರಲ್ಲಿ ಬಹುಮಂದಿ ಅದರ ಹಿರಿಮೆಯನ್ನು ಉಪಗ್ರಹ ಸಂಪರ್ಕದಲ್ಲಿಯೂ ಗಣಕದ ಪರದೆಯಲ್ಲಿಯೂ ಕಂಡಿದ್ದಾರೆ. ಈ ಪ್ರಶಂಸೆ ಅಸ್ಥಾನದಲ್ಲಿ ಸಂದಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ. ಇದರ ಸ್ಥಾಪನೆಗೆ ಫೆರ್ವಾನಿ ಸಮಿತಿಯಿತ್ತ ಸಲಹೆ, 1992ರ ಷೇರುಪೇಟೆಯ ಹಗರಣ, ಐ.ಡಿ.ಬಿ.ಐ. ಮೊದಲಾದ ಸಂಸ್ಥೆಗಳ ಬಂಡವಾಳ, ಆರ್. ಎಚ್. ಪಾಟೀಲರ ನೇತೃತ್ವ, ಇವೆಲ್ಲ ವಾಚಕರಿಗೆ ವಿದಿತವಾದ ಸಂಗತಿಗಳು. ಪರದೆಯೇ ಹಿರಿಮೆಯಾಗಿದ್ದ ಪಕ್ಷದಲ್ಲಿ, 1875ರಲ್ಲಿ ಹುಟ್ಟಿದ ಮುಂಬಯಿ ವಿನಿಮಯಕೇಂದ್ರವು 1995ರಲ್ಲಿ ಅದನ್ನೇ ತಂದುಕೊಂಡಾಗ ಎರಡಕ್ಕೂ ಅಂತರವುಳಿಯಬಾರದಿತ್ತು.

ಆದ್ದರಿಂದ ಪರದೆಗಿಂತ ಮಿಗಿಲಾಗಿ ಪರೀಕ್ಷಿಸಬೇಕಾದುದು 1994ರ ನವೆಂಬರಿನಲ್ಲಿ ಷೇರು ವ್ಯವಹಾರದೊಡನೆ ಜಾರಿಗೆ ಬಂದ ಒಂದು ನಿಯಮ. ಕೊಳ್ಳುವವರಲ್ಲಿ ಹೆಚ್ಚು ಬೆಲೆ ಕೊಡುವವನು, ಮಾರುವವರಲ್ಲಿ ಕಡಿಮೆ ಬೆಲೆ ಕೇಳುವವನು ಮೊದಲು. ಬೆಲೆ ಸಮನಾದಲ್ಲಿ ಮುಂಚೆ ಬಂದವನು ಮೊದಲು. ಎದುರಿಗಿರುವವನಾರೆಂಬುದು ಇಬ್ಬರಿಗೂ ಅಜ್ಞಾತ. ಮುಂಬಯಿ ವಿನಿಮಯಕೇಂದ್ರವಿರುವ ದಲಾಲ್ ಸ್ಟ್ರೀಟಿನ ರಿಂಗೆಂಬ ವ್ಯವಹಾರದ ಅಂಗಳದಲ್ಲಿ ದಲ್ಲಾಳಿಯು ಎದುರಾಳಿಯ ಮುಖವನ್ನರಿತು ವ್ಯವಹರಿಸುತ್ತಿದ್ದನು. ಆ ಪರಿಚಯವು ಒಳಗಿನವನಿಗೆ ಭದ್ರತೆಯಾಗಿದ್ದಂತೆಯೇ ಹೊರಗಿನವನಿಗೆ ಪ್ರತಿಬಂಧವಾಗಿದ್ದಿತು. ಹೊಸ ನಿಯಮವು ಪ್ರತಿಬಂಧವನ್ನು ನಿವಾರಿಸಿತು, ಆದರೆ ಅದರೊಡನೆ ಭದ್ರತೆಯೂ ಸಡಿಲಿತು. ಹೆಸರೇ ತಿಳಿಯದವನು ಹಣ ಕೊಡದೆಯೋ ಪತ್ರ ಒಪ್ಪಿಸದೆಯೋ ತಪ್ಪಿದಲ್ಲಿ ಹೊಣೆಯಾರು? ಇದಕ್ಕೆ ಸಮರ್ಥವಾದ ಉತ್ತರ ದೊರೆತುದು 1996ರ ಏಪ್ರಿಲಿನಲ್ಲಿ, ವಿನಿಮಯಕೇಂದ್ರದ ತೀರುವಳಿ ನಿಗಮವು ಕೊಳ್ಳುವವನಿಗೆ ತಾನೇ ಮಾರುವವನಾಗಿ, ಮಾರುವವನಿಗೆ ತಾನೇ ಕೊಳ್ಳುವವನಾಗಿ ನಡುವೆ ನಿಂತು, ಸದಸ್ಯರಿಂದ ಮಾರ್ಜಿನ್ ಎಂಬ ಭದ್ರತಾ ಹಣವನ್ನು ಪಡೆದು, ಲೆಕ್ಕ ತೀರಿಸುವ ಭಾರವನ್ನು ಹೊತ್ತಾಗ. ಅದೇ ವರ್ಷದ ನವೆಂಬರಿನಲ್ಲಿ ಷೇರುಗಳ ಠೇವಣಿ ಸಂಸ್ಥೆಯಾದ ಎನ್.ಎಸ್.ಡಿ.ಎಲ್. ಕಾರ್ಯಾರಂಭ ಮಾಡಿ, ಷೇರುಪತ್ರಗಳು ಖಾತೆಯ ನಮೂದುಗಳಾಗತೊಡಗಲು, ಖೋಟಾ ಪತ್ರದ ಭೀತಿಯೂ ಕ್ರಮೇಣ ಅಳಿಯಿತು. ಅಪರಿಚಿತರು ಪರಸ್ಪರ ವ್ಯವಹರಿಸಬಲ್ಲ ಸ್ಥಿತಿಯನ್ನು ಕಲ್ಪಿಸಿಕೊಟ್ಟುದೇ ಈ ಸಂಸ್ಥೆಯ ನಿಜವಾದ ಸಿದ್ಧಿ.

ಈ ಸಂಸ್ಥೆಯು ಪ್ರಾದೇಶಿಕ ವಿನಿಮಯಕೇಂದ್ರಗಳನ್ನು ನಾಶಮಾಡಿತೆಂದು, ಬೆಂಗಳೂರಿನದನ್ನು ನೆನೆದು ಮರುಗುವ ವಿಮರ್ಶಕರಿದ್ದಾರೆ. ಸ್ಥಳೀಯ ಉದ್ಯಮಗಳನ್ನು ಬಲ್ಲ ದಲ್ಲಾಳಿಗಳ ಜ್ಞಾನ ನಷ್ಟವಾಯಿತೆಂಬ ಅವರ ಮಾತನ್ನು ನಾನು ಅಲ್ಲಗಳೆಯೆನು. ಆದರೆ ಆ ಜ್ಞಾನದ ಫಲ ಯಾರಿಗೆ ಸಲ್ಲುತ್ತಿದ್ದಿತೆಂದು ಅವರು ಕೇಳಿಕೊಂಡಂತೆ ತೋರುವುದಿಲ್ಲ. ಹುಬ್ಬಳ್ಳಿಯ ಹೂಡಿಕೆದಾರನ ಬೇಡಿಕೆ ಉಪದಲ್ಲಾಳಿಯಿಂದ ದಲ್ಲಾಳಿಗೆ ಸಾಗಿ ಮುಂಬಯಿಯನ್ನು ಮುಟ್ಟುತ್ತಿದ್ದ ಕಾಲದಲ್ಲಿ, ಯಾವ ಗಳಿಗೆಯಲ್ಲಿ ಯಾವ ಬೆಲೆಗೆ ವ್ಯವಹಾರ ಕುದುರಿತೆಂಬುದನ್ನು ಪರೀಕ್ಷಿಸಿ ನೋಡುವ ಸಾಧನ ಅವನಿಗಿರಲಿಲ್ಲ. ವೇಳೆ, ಬೆಲೆ, ದಲ್ಲಾಳಿಯ ಶುಲ್ಕ ಇವು ಬೇರೆಬೇರೆಯಾಗಿ ನಮೂದಾದ ಚೀಟಿ ಕೈಗೆ ಬಂದುದು ಪರದೆಯ ವ್ಯವಹಾರದ ತರುವಾಯ. ಈ ನ್ಯಾಯವನ್ನು ಗಣನೆಗೆ ತಾರದ ಮರುಕವು ವಿಮರ್ಶೆಯಾಗಲಾರದು.

ವ್ಯವಹಾರದ ಗಾತ್ರವನ್ನೇ ಬೆಳವಣಿಗೆಯೆಂದು ಕೊಂಡಾಡುವವರೂ ಎಡವಿದ್ದಾರೆ. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ 2024ರ ಅಧ್ಯಯನದಂತೆ, ಅದಕ್ಕೆ ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರಕ್ಕಿಳಿದ ವೈಯಕ್ತಿಕ ವ್ಯಾಪಾರಿಗಳಲ್ಲಿ ಶೇಕಡ 93 ಮಂದಿ ನಷ್ಟ ಹೊಂದಿದರು. ಮುಂಚೆ ಬಂದವನಿಗೆ ಮೊದಲೆಂಬ ಕಾಲದ ಆದ್ಯತೆಯೋ, ವಿನಿಮಯಕೇಂದ್ರದ ಆವರಣದಲ್ಲಿಯೇ ಗಣಕವನ್ನಿರಿಸಲು ಬಾಡಿಗೆ ತೆರಬಲ್ಲವರಿಗೆ ಅನುಕೂಲವಾಗಿ ಪರಿಣಮಿಸಿದೆ. ಹುಬ್ಬಳ್ಳಿಯವನನ್ನೂ ಮುಂಬಯಿಯವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ ಸಂಸ್ಥೆಯನ್ನು ಇನ್ನು ಮುಂದೆ ಆ ಸಾಲಿನ ನ್ಯಾಯದಿಂದಲೂ ತೀರುವಳಿಯ ಭದ್ರತೆಯಿಂದಲೂ ಅಳೆಯಬೇಕು.