1612ರ ಜೋಡಿ ಶಿಖರ

ಖಗೋಳ ಉಪನ್ಯಾಸದಲ್ಲಿ ಬಣ್ಣದ ನೀಹಾರಿಕೆ ಪರದೆಗೆ ಬಂದರೆ ಚಪ್ಪಾಳೆ. ರೇಡಿಯೊ ರೋಹಿತದ ಗ್ರಾಫು ಬಂದರೆ ಎಲ್ಲರ ಕೈಗೂ ಮೊಬೈಲು. ತನಿಯಾವರ್ತನಕ್ಕೆ ಎದ್ದು ಹೋಗುವವರನ್ನು ಕಂಡಷ್ಟೇ ಸಿಟ್ಟು ಬರುತ್ತದೆ ನನಗೆ. ಕೆಂಪು ಮಹಾದೈತ್ಯ ನಕ್ಷತ್ರಗಳ ಮೇಸರಿನ, ಅಂದರೆ ಅಣುಗಳೇ ವರ್ಧಿಸಿ ಹೊಮ್ಮಿಸುವ ರೇಡಿಯೊ ಅಲೆಯ, ಸೊಗಸೆಲ್ಲ ಇರುವುದು ಆ ಗ್ರಾಫಿನಲ್ಲೇ.

ವಿ.ವೈ. ಕ್ಯಾನಿಸ್ ಮೇಜೊರಿಸ್‌ನಿಂದ ಶುರುಮಾಡಿ. ಲುಬ್ಧಕವಿರುವ ಮಹಾಶ್ವಾನದಲ್ಲೇ ಇದೆ, ಬರಿಗಣ್ಣಿಗೆ ಕಾಣದು. ಅದರ ಗಾತ್ರ ಕೊಂಡಾಡುವ ವಿಡಿಯೊಗಳನ್ನು ಬದಿಗಿಡಿ. ಅದು ಹೊರಚೆಲ್ಲಿದ ಅನಿಲದಲ್ಲಿ ಹೈಡ್ರಾಕ್ಸಿಲ್ ಅಣುಗಳು 1612 ಮೆಗಾಹರ್ಟ್ಸ್‌ನಲ್ಲಿ ಮೂಡಿಸುವ ರೇಖೆಯನ್ನು ನೋಡಿ: ಎರಡು ಶಿಖರ, ನಡುವೆ ತಗ್ಗು.

ಆ ಅನಿಲದ ಕವಚ ಎಲ್ಲ ದಿಕ್ಕಿಗೂ ಹಿಗ್ಗುತ್ತಿದೆ. ನಮ್ಮತ್ತ ಬರುವ ಮುಂಭಾಗದಲ್ಲೂ ಆಚೆ ಸರಿಯುವ ಹಿಂಭಾಗದಲ್ಲೂ ದೃಷ್ಟಿರೇಖೆಯುದ್ದಕ್ಕೂ ಅಣುಗಳ ವೇಗ ಹೆಚ್ಚುಕಡಿಮೆ ಒಂದೇ. ಹಾಗಾಗಿ ಅಲೆ ದಾರಿಯುದ್ದಕ್ಕೂ ಬಲಿಯುತ್ತದೆ. ಪಕ್ಕಗಳಲ್ಲಿ ವೇಗ ಬೇಗ ಬದಲಾಗುತ್ತದೆ, ವರ್ಧನೆ ಅಲ್ಲೇ ಸೊರಗುತ್ತದೆ. ಶಿಖರಗಳ ಅಂತರದ ಅರ್ಧವೇ ಕವಚ ಹಿಗ್ಗುವ ವೇಗ, ಇಲ್ಲಿ ಸೆಕೆಂಡಿಗೆ ಸುಮಾರು 35 ಕಿ.ಮೀ. ನಡುಬಿಂದು ನಕ್ಷತ್ರದ್ದೇ ವೇಗ. ಬೆಳಗಿ ಮಂಕಾಗುವ ನಕ್ಷತ್ರಗಳಲ್ಲಿ ಹಿಂಭಾಗದ ಶಿಖರ ಮುಂಭಾಗದ್ದಕ್ಕಿಂತ ತಡವಾಗಿ ಏರುತ್ತದೆ. ಬೆಳಕು ಕವಚವನ್ನು ದಾಟಲು ಹಿಡಿಯುವ ಹೊತ್ತೇ ಆ ತಡ. ಇಷ್ಟನ್ನು ಯಾವ ಬಣ್ಣದ ಚಿತ್ರ ಹೇಳೀತು?

ಎಂ.ಎಸ್ಸಿ. ಓದುವಾಗ ಗ್ರಂಥಾಲಯದಲ್ಲಿ ಎನ್‌ಎಂಎಲ್ ಸಿಗ್ನಿಯ ರೋಹಿತ ಕಣ್ಣಿಗೆ ಬಿತ್ತು. ವಿಲ್ಸನ್ ಮತ್ತು ಬ್ಯಾರೆಟ್ 1968ರಲ್ಲಿ ಪ್ರಕಟಿಸಿದ, ಈ ಹೈಡ್ರಾಕ್ಸಿಲ್ ರೇಖೆಯ ಶೋಧದ ನಕ್ಷತ್ರವದು. ಸ್ಕೇಲಿಟ್ಟು ಅಂತರ ಅಳೆದೆ. ಕೊನೆಗಾಲದ ನಕ್ಷತ್ರವೊಂದು ತನ್ನ ಮೈಯನ್ನು ಎಷ್ಟು ವೇಗದಲ್ಲಿ ಕಳಚಿಕೊಳ್ಳುತ್ತಿದೆಯೆಂದು ನನ್ನ ಪೆನ್ಸಿಲ್ ಗುರುತೇ ಹೇಳಿತು. ಅಂದಿನಿಂದ ನೀಹಾರಿಕೆಯ ಪೋಸ್ಟರುಗಳು ರುಚಿಸಿಲ್ಲ.

ವಿ.ವೈ. ಇರುವುದು ದೊಡ್ಡ ಅಣುಮೋಡದ ಅಂಚಿನಲ್ಲಿ. ಅಂಥ ಮೋಡಗಳಲ್ಲಿ ಹುಟ್ಟುವ ಎಳೆ ನಕ್ಷತ್ರಗಳ ಬಳಿಯೂ ಮೇಸರ್ ಉಂಟು. ಹೊಸಬರು ತಬ್ಬಿಬ್ಬಾಗುವುದು ಇಲ್ಲೇ. ಅಲ್ಲಿ ಸಾಮಾನ್ಯವಾಗಿ ಹೈಡ್ರಾಕ್ಸಿಲ್‌ನದೇ ಇನ್ನೊಂದು ರೇಖೆ, 1665 ಮೆಗಾಹರ್ಟ್ಸ್‌ನದ್ದೇ ಮೇಲುಗೈ, ಶಿಖರಗಳು ಚೆಲ್ಲಾಪಿಲ್ಲಿ. ಬೆಚ್ಚನೆಯ ಧೂಳಿನ ಅವಕೆಂಪು ಬೆಳಕು ಹುರಿದುಂಬಿಸಿದ 1612ರ ಒಪ್ಪವಾದ ಜೋಡಿ, ಹಿಗ್ಗುವ ಕವಚದ್ದು.

ಕವಚದ ಉಳಿದ ಮೇಸರುಗಳು: ಒಳಗೆ 22 ಗಿಗಾಹರ್ಟ್ಸ್‌ನ ನೀರಾವಿ, ನಕ್ಷತ್ರಕ್ಕೆ ಅಂಟಿದಂತೆ 43ರ ಸಿಲಿಕಾನ್ ಮಾನಾಕ್ಸೈಡ್. ಜಪಾನಿನ ವೆರಾ ದೂರದರ್ಶಕಗಳು ನೀರಾವಿ ಚುಕ್ಕೆಗಳ ಸ್ಥಾನಪಲ್ಲಟ ಅಳೆದು, 4,900 ಜ್ಯೋತಿರ್ವರ್ಷ ಎಂದುಕೊಂಡಿದ್ದ ವಿ.ವೈ.ಯ ದೂರವನ್ನು 2008ರಲ್ಲಿ ಸುಮಾರು 3,700ಕ್ಕೆ ಇಳಿಸಿದವು.

ಮುಂದೆ ಇನ್ನೊಂದು ಕೆಂಪು ಮಹಾದೈತ್ಯ, ವಿಎಕ್ಸ್ ಸಾಜಿಟೇರಿಯ ರೋಹಿತ ತೆಗೆದುಕೊಳ್ಳಿ. ಅದರ ಕವಚ ವಿ.ವೈ.ಯದರಷ್ಟು ವೇಗವಾಗಿ ಹಿಗ್ಗುವುದಿಲ್ಲ, ಶಿಖರಗಳು ಹತ್ತಿರ ಹತ್ತಿರ. ಎಷ್ಟು ಹತ್ತಿರವೆಂದು ನೀವೇ ಅಳೆಯಿರಿ.