ಪಾಸಿಟಿವ್ ಬಂದ ಮೇಲೆ?

ನಿದ್ರಾರೋಗ ಪತ್ತೆಗೆಂದು ಬೆಲ್ಜಿಯಂ ಸಂಶೋಧಕರು 1978ರಲ್ಲಿ ರೂಪಿಸಿದ ‘ಕ್ಯಾಟ್’ ಪರೀಕ್ಷೆಯನ್ನು ಹಳತೆಂದು ಹಳಿಯುವುದು ಸುಲಭ. ಕಾರ್ಡಿನ ಮೇಲೆ ಒಂದು ಹನಿ ರಕ್ತ, ಒಂದು ಹನಿ ದ್ರಾವಣ. ಐದು ನಿಮಿಷ ತಿರುಗಿಸಿದರೆ, ಪ್ರತಿಕಾಯವಿದ್ದ ರಕ್ತದಲ್ಲಿ ನೀಲಿ ಕಣಗಳು ಗುಂಪುಗೂಡುತ್ತವೆ. ಆಫ್ರಿಕಾದಲ್ಲಿ 1998ರಲ್ಲಿ ವರದಿಯಾದ ಪ್ರಕರಣಗಳು ಸುಮಾರು 40,000. ಊರಿಗೆ ಊರನ್ನೇ ಸಾಲಾಗಿ ನಿಲ್ಲಿಸಿ ಸೋಸಿದ ಸಂಚಾರಿ ತಂಡಗಳ ಕೈಯಲ್ಲಿದ್ದದ್ದು ಇದೇ ಕಾರ್ಡು.

ಅದಕ್ಕೆ ಫ್ರಿಜ್ ಬೇಕು, ಕರೆಂಟು ಬೇಕು. ಹತ್ತಾರು ಜನರಿಗಾಗುವ ಬಾಟಲಿಯನ್ನು ಒಬ್ಬ ರೋಗಿಗಾಗಿ ತೆರೆದರೆ ಉಳಿದದ್ದು ದಂಡ. 2010ರ ದಶಕದಲ್ಲಿ ಬಂದ ಕ್ಷಿಪ್ರ ಪರೀಕ್ಷೆಗಳು ಈ ತಾಪತ್ರಯ ತಪ್ಪಿಸಿದವು. ನನ್ನ ತಕರಾರಿರುವುದು ಹೊಗಳಿಕೆ ಅಲ್ಲಿಗೇ ನಿಲ್ಲುವುದರ ಬಗ್ಗೆ. 2018ರಿಂದ ವರ್ಷದ ಪ್ರಕರಣಗಳು ಸಾವಿರಕ್ಕಿಂತ ಕಡಿಮೆ. ಹತ್ತು ಸಾವಿರಕ್ಕೆ ಒಬ್ಬನೇ ರೋಗಿ ಇದ್ದಾನೆಂದುಕೊಳ್ಳಿ. ಆರೋಗ್ಯವಂತರಲ್ಲಿ ನೂರಕ್ಕೆ ಇಬ್ಬರನ್ನು ಮಾತ್ರ ತಪ್ಪಾಗಿ ಹಿಡಿಯುವ ಉತ್ತಮ ಪರೀಕ್ಷೆಯೂ ಆ ಒಬ್ಬನ ಜೊತೆ ಇನ್ನೂರು ಜನರನ್ನು ರೋಗಿಗಳ ಸಾಲಿಗೆ ತಳ್ಳುತ್ತದೆ. ಅವರೆಲ್ಲರ ರಕ್ತದಲ್ಲಿ, ಕುತ್ತಿಗೆಯ ಗಂಟಿನ ರಸದಲ್ಲಿ ಪರೋಪಜೀವಿಯನ್ನು ಹುಡುಕಬೇಕು. ಗ್ಯಾಂಬಿಯೆನ್ಸ್ ಬಗೆಯ ರೋಗದಲ್ಲಿ ಅವು ರಕ್ತದಲ್ಲಿರುವುದೇ ಅಷ್ಟಿಷ್ಟು. ವರ್ಷಗಟ್ಟಲೆ ಒಂದನ್ನೂ ಕಾಣದ ಲ್ಯಾಬ್ ತಂತ್ರಜ್ಞನ ಕಣ್ಣು ಪಳಗುವುದಾದರೂ ಹೇಗೆ?

ಆದರೂ ‘ಕಣ್ಣಾರೆ ಕಾಣದೆ ಮದ್ದಿಲ್ಲ’ ಎಂಬ ಹಠಕ್ಕೆ ಕಾರಣವಿತ್ತು. ಮಿದುಳಿಗೆ ಏರಿದ ರೋಗಕ್ಕೆ ಕೊಡುತ್ತಿದ್ದ ಮೆಲಾರ್ಸೊಪ್ರೋಲ್ ಆರ್ಸೆನಿಕ್ ಔಷಧ. ಅದೇ ನೂರರಲ್ಲಿ ಸುಮಾರು ಐವರನ್ನು ಕೊಲ್ಲುತ್ತಿತ್ತು. ಹಾಗಾಗಿ ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆದು ನೋಡಲೇಬೇಕಿತ್ತು. ಈಗ ಫೆಕ್ಸಿನಿಡಜೋಲ್ ಮಾತ್ರೆಯಿಂದಾಗಿ ಅನೇಕರಿಗೆ ಆ ಸೂಜಿ ತಪ್ಪಿದೆ. ಒಂದೇ ಸಲ ನುಂಗುವ ಅಕೊಜಿಬೊರೋಲ್ ಪ್ರಯೋಗಗಳಲ್ಲಿ ಒಳ್ಳೆಯ ಫಲ ಕೊಟ್ಟಿದೆ. ಇಂಥ ಮದ್ದು ಕೈಗೆ ಬಂದರೆ, ಗಟ್ಟಿ ಶಂಕೆಯಿದ್ದವರಿಗೆ ಮಾತ್ರೆ ಕೊಡುವುದೇ ಸರಿ ಎಂದು ನನಗನ್ನಿಸುತ್ತದೆ. ಪರೀಕ್ಷೆ ಎಷ್ಟು ನಿಖರವಾಗಿರಬೇಕು ಎಂಬುದನ್ನು ಮದ್ದಿನ ಅಪಾಯವನ್ನು ಬಿಟ್ಟು ತೂಗಲಾಗದು.

ಮಲಾವಿಯಂಥ ಕಡೆ ಈ ಲೆಕ್ಕ ನಡೆಯದು. ಅಲ್ಲಿಯ ರೊಡೇಸಿಯೆನ್ಸ್ ಬಗೆ ವಾರಗಳಲ್ಲೇ ಉಲ್ಬಣಿಸುತ್ತದೆ, ಈ ಕಾರ್ಡುಗಳಿಗೆ ಸಿಗುವುದೂ ಇಲ್ಲ, ಗತಿ ಸೂಕ್ಷ್ಮದರ್ಶಕವೊಂದೇ. ಹಿಂದೆ ಮಲೇರಿಯಾ ಹುಡುಕುತ್ತ ರಕ್ತದ ಲೇಪ ನೋಡಿದವರಿಗೆ ಈ ಜೀವಿಯೂ ಅಕಸ್ಮಾತ್ ಕಣ್ಣಿಗೆ ಬೀಳುತ್ತಿತ್ತು. ಮಲೇರಿಯಾಕ್ಕೂ ಕ್ಷಿಪ್ರ ಪರೀಕ್ಷೆ ಬಂದ ಮೇಲೆ ಆ ಲೇಪ ನೋಡುವವರೇ ಕಡಿಮೆಯಾದರು.