ಅರ್ಧ ತೆರೆಯ ಗಮ್ಮತ್ತು

ರಂಗಸಲಕರಣೆಗಳಲ್ಲಿ ನನಗೆ ತೀರಾ ಅಚ್ಚುಮೆಚ್ಚು ಅರ್ಧ ತೆರೆ. 1928ರಲ್ಲಿ ಬರ್ಲಿನ್ನಿನಲ್ಲಿ ಜರ್ಮನ್ ನಾಟಕಕಾರ ಬ್ರೆಕ್ಟ್‌ನ ‘ತ್ರೀಪೆನ್ನಿ ಆಪೆರಾ’ ರಂಗಕ್ಕೇರಿದಾಗ ವಿನ್ಯಾಸಕಾರ ಕಾಸ್ಪರ್ ನೇಹರ್ ಭಾರೀ ಪರದೆಯನ್ನು ನೆಚ್ಚದೆ, ತಂತಿಯ ಮೇಲೆ ಸರಿಯುವ ಗಿಡ್ಡ ಬಟ್ಟೆಯೊಂದನ್ನು ಕಟ್ಟಿದ. ಇದು ನಾಟಕವೆಂಬುದನ್ನು ಮುಚ್ಚಿಡುವ ಇರಾದೆಯೇ ಅವರಿಗಿರಲಿಲ್ಲ.

ಯಕ್ಷಗಾನ ನೋಡಿ ಬೆಳೆದವರಿಗೆ ಇದರಲ್ಲಿ ಹೊಸದೇನು? ಇಬ್ಬರು ತೆರೆ ಹಿಡಿದರೆ ಮೇಲೆ ಕಿರೀಟದ ತುದಿ, ಕೆಳಗೆ ಗೆಜ್ಜೆಗಾಲು. ಹಿಡಿಯುವುದೂ ಒಂದು ವಿದ್ಯೆಯೇ. ತೀರಾ ಬಿಗಿದರೆ ಬಟ್ಟೆ ಹಲಗೆಯಂತೆ ಸೆಟೆದು ನಿಲ್ಲುತ್ತದೆ. ಸಡಿಲ ಬಿಟ್ಟರೆ ನಡು ಜೋತುಬಿದ್ದು ವೇಷದ ಗುಟ್ಟು ಮೊದಲೇ ರಟ್ಟಾಗುತ್ತದೆ. ಆದರೂ ನಮ್ಮ ನಗರದ ನಾಟಕಕಾರರಿಗೆ ಈ ಬಟ್ಟೆಯ ಕಸುವು ಹೊಳೆಯಲು ಬ್ರೆಕ್ಟ್‌ನನ್ನು ಓದಬೇಕಾಯಿತು! ಗಿರೀಶ ಕಾರ್ನಾಡರು ಆ ಋಣವನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡವರು.

ಅವರ ‘ಹಯವದನ’ದ ಕಥೆಯೂ ಊರು ಸುತ್ತಿ ಬಂದದ್ದೇ. ಕಥಾಸರಿತ್ಸಾಗರದಲ್ಲಿದ್ದ ತಲೆ ಅದಲುಬದಲಿನ ಕಥೆ ಜರ್ಮನ್ ಲೇಖಕ ಥಾಮಸ್ ಮನ್‌ನ ಕಾದಂಬರಿಯಾಗಿ, ಅಲ್ಲಿಂದ ಕನ್ನಡಕ್ಕೆ ಮರಳಿತು. ಅದರಲ್ಲಿ ತೆರೆಯ ಕೆಲಸ ನೋಡಬೇಕು. ಹಿಡಿದವರು ಬಟ್ಟೆಯನ್ನು ತುಸು ತಗ್ಗಿಸುತ್ತಾರೆ. ಮೈಯೆಲ್ಲ ಮರೆಯಲ್ಲಿ, ಮೇಲೆ ಬರೀ ಕುದುರೆಯ ತಲೆ. ಸಭೆ ಒಮ್ಮೆಲೇ ನಗುತ್ತದೆ. ಕೊನೆಗೆ ನಾಯಕಿ ಪದ್ಮಿನಿಯ ಚಿತೆಗೂ ಬೆಂಕಿಯ ಚಿತ್ರ ಬರೆದ ತೆರೆಯೇ ಸಾಕು: ಮಣಿಕಟ್ಟು ಚೂರು ಅಲುಗಿದರೆ ಜ್ವಾಲೆ ಏಳುತ್ತದೆ. ಇಷ್ಟಕ್ಕೇ ಹೊಗೆ ಯಂತ್ರ ಬಾಡಿಗೆಗೆ ತರಿಸುವ ತಂಡಗಳನ್ನು ಕಂಡರೆ ನನಗೆ ಸ್ವಲ್ಪ ಕನಿಕರವೇ.